ಎತ್ತದೆ ಉಳಿದ ಚೀಟಿ

ವಿನು, ನಾನು ನಿನಗೆ ಸುಳ್ಳು ಹೇಳಿದೆ. ಎರಡು ಚೀಟಿಗಳಲ್ಲೂ ನೀನು ಕೇಳಿದ್ದನ್ನೇ ಬರೆದಿದ್ದೆ ಎಂದೆನಲ್ಲ — ಬರೆದಿರಲಿಲ್ಲ. ನಿನ್ನ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಅದೂ ಸುಳ್ಳು.

ಇಪ್ಪತ್ತೈದು ವರ್ಷಗಳ ನಂತರ ಇದನ್ನು ಬರೆಯಲು ಕೂತಿದ್ದೇನೆ. ಬರೆಯುವಾಗಲೂ ನನ್ನ ಮೇಲೆ ನನಗೆ ಅನುಮಾನ. ಯಾವ ಸಾಕ್ಷಿಯನ್ನೂ ಒಂದೇ ಸಲಕ್ಕೆ ನಂಬಬೇಡಿ, ಅವನಿಗೆ ಇದರಿಂದ ಏನು ಲಾಭ ಎಂದು ಮೊದಲು ಕೇಳಿ ಎಂದು ವರ್ಷಾನುಗಟ್ಟಲೆ ಹುಡುಗರಿಗೆ ಪಾಠ ಹೇಳಿದವನು ನಾನು. ಈಗ ಸಾಕ್ಷಿಯೂ ನಾನೇ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಇಲ್ಲಿ ಬಿಡದೆ ಬರೆಯುತ್ತೇನೆ. ನಿನ್ನ ನೆನಪು ಎಲ್ಲಿ ಬೇರೆ ಹೇಳುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕು. ಮೊದಲೊಮ್ಮೆ ಹಾಕಿದ್ದೆಯಲ್ಲ, ಹಾಗೆ. ಆ ವಿಷಯಕ್ಕೆ ಕೊನೆಗೆ ಬರುತ್ತೇನೆ. ಕೊನೆಗೇ ಬರುತ್ತೇನೆ ಎನ್ನುವುದೂ ಒಂದು ಗುರುತು, ನೋಡು — ಮನುಷ್ಯ ನಿಜವನ್ನು ಯಾವಾಗಲೂ ಕೊನೆಗೆ ತಳ್ಳುತ್ತಾನೆ.

ಕಾಚಿಗುಡದ ಮನೆ. ಕೆಳಗೆ ಅಕ್ಕ, ಭಾವ, ಅವ್ವ, ನೀನು. ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ನಾನು. ಮೂವತ್ತೊಂದು ವರ್ಷ, ಇತಿಹಾಸದಲ್ಲಿ ಎಂ.ಎ., ಮೂರು ವರ್ಷಗಳಿಂದ ಮುಗಿಯದ ಪಿಎಚ್‌ಡಿ, ಒಂದು ಸಂಜೆ ಕಾಲೇಜಿನಲ್ಲಿ ತಾತ್ಕಾಲಿಕ ಪಾಠ. ನಿನಗೆ ಹದಿನೈದು. ಹತ್ತನೆಯ ತರಗತಿಯ ಫಲಿತಾಂಶ ಬಂದಿತ್ತು. ಮಾದಾಪುರದ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳತೊಡಗಿದ್ದ ಕಾಲ ಅದು. ಅಮೀರಪೇಟೆಯ ಗೋಡೆಗೋಡೆಗೂ ಕಂಪ್ಯೂಟರ್ ಕೋರ್ಸುಗಳ ಬೋರ್ಡು. ಮನೆಗೆ ಬಂದ ನೆಂಟರು ಮಕ್ಕಳ ಆರೋಗ್ಯ ಕೇಳುವ ಮೊದಲು 'ಯಾವ ಗ್ರೂಪ್?' ಎಂದು ಕೇಳುತ್ತಿದ್ದರು. ಇಂಟರ್ ಮೀಡಿಯೆಟ್ಟಿನ ಎರಡು ವರ್ಷ ಯಾವ ಮೂರು ವಿಷಯ ಓದಿ ಪರೀಕ್ಷೆ ಬರೆಯುವುದು ಎಂಬುದೇ ಆ ಗ್ರೂಪ್. ಗಣಿತ, ಭೌತ, ರಸಾಯನ — ಎಂಪಿಸಿ. ಇತಿಹಾಸ, ಅರ್ಥಶಾಸ್ತ್ರ, ಪೌರನೀತಿ — ಎಚ್‌ಇಸಿ. ಮೊದಲನೆಯದು ಗಾಜಿನ ಕಟ್ಟಡದ ದಾರಿ. ಎರಡನೆಯದನ್ನು ತೆಗೆದುಕೊಂಡವರ ಬಗ್ಗೆ ಜನ, 'ಪಾಪ, ಮಾರ್ಕ್ಸ್ ಬರಲಿಲ್ಲೇನು?' ಎನ್ನುತ್ತಿದ್ದರು.

ನಿನಗೆ ಮಾರ್ಕ್ಸ್ ಬಂದಿದ್ದವು. ಗಣಿತದಲ್ಲೂ ಬಂದಿದ್ದವು. ಆದರೂ ನೀನು ಎಚ್‌ಇಸಿ ಎಂದೆ.

"ಎಚ್‌ಇಸಿ ತಗೊಂಡು ಏನ್ ಮಾಡಾಕಿ?" ಎಂದರು ನಿಮ್ಮಪ್ಪ. "ಗೋಲ್ಕೊಂಡಾದಾಗ ಗೈಡ್ ಆಗಾಕೇನು? ನಮ್ಮ ಆಫೀಸಿನ ಪ್ಯೂನ್ ಮಗಾನೂ ಎಂಪಿಸಿ ಸೇರ್ಯಾನ!"

"ಆಕಿಗೆ ಏನ್ ಬೇಕಂತ ಆಕಿನ್ನ ಕೇಳ್ರಲ್ಲ" ಎಂದಳು ಅಕ್ಕ.

"ಕೇಳೂದೇನೈತಿ? ಮ್ಯಾಲಿನ ಖೋಲಿಯಾಗ ಪ್ರೊಫೆಸರ್ ಸಾಬ್ರು ಪಾಠಾ ಮಾಡ್ಯಾರಲ್ಲ, ಅದನ್ನ ಒಪ್ಪಸ್ತಾಳ."

ಭಾವನ ಮಾತು ಸುಳ್ಳಲ್ಲ. ಇತಿಹಾಸದ ಹುಚ್ಚು ಹಿಡಿಸಿದವನು ನಾನೇ. ಭಾನುವಾರ ನಿನ್ನನ್ನು ಕೋಠಿಗೆ ಕರೆದುಕೊಂಡು ಹೋಗುತ್ತಿದ್ದೆ. ಫುಟ್‌ಪಾತಿನ ಹಳೆಯ ಪುಸ್ತಕಗಳ ರಾಶಿಯಲ್ಲಿ ಕೂತು ಧೂಳು ಕುಡಿದು, ದಾರಿಯಲ್ಲಿ ಕಬ್ಬಿನ ಹಾಲು ಕುಡಿದು ಬರುತ್ತಿದ್ದೆವು. ಕಲ್ಲಿನ ಮೇಲೆ ಹಾಳೆ ಒತ್ತಿ ತೆಗೆದ ಶಾಸನದ ಪಡಿಯಚ್ಚುಗಳನ್ನು ನನ್ನ ಕೋಣೆಯ ನೆಲದ ಮೇಲೆ ಹರಡಿ ಹಳಗನ್ನಡದ ಅಕ್ಷರಗಳನ್ನು ನಿನಗೆ ಗುರುತಿಸಲು ಕಲಿಸಿದೆ. ನಾನು ಎರಡು ವರ್ಷದಲ್ಲಿ ಕಲಿತದ್ದನ್ನು ನೀನು ಒಂದು ಬೇಸಿಗೆಯಲ್ಲಿ ಕಲಿತೆ.

ಜಗಳ ವಾರಗಟ್ಟಲೆ ನಡೆಯಿತು. ಕೊನೆಗೆ ಅವ್ವ, "ಹಿಂಗ ಬಡದಾಡಬ್ಯಾಡ್ರಿ. ಈರಭದ್ರನ ಮುಂದ ಚೀಟಿ ಹಾಕ್ರಿ" ಎಂದಳು.

ಎರಡು ದಾರಿಗಳ ನಡುವೆ ಮನೆ ಸಿಕ್ಕಿಬಿದ್ದಾಗ ಮನೆದೇವರ ಮುಂದೆ ಚೀಟಿ ಹಾಕುವುದು ನಮ್ಮ ಮನೆತನದಲ್ಲಿ ಮುತ್ತಜ್ಜನ ಕಾಲದಿಂದ ಬಂದದ್ದು. ಹಿತ್ತಾಳೆಯ ತಾಟಿನಲ್ಲಿ ಅಕ್ಕಿ, ಅಕ್ಕಿಯ ಮೇಲೆ ಮಡಚಿದ ಎರಡು ಚೀಟಿ, ಅದರ ಮೇಲೆ ಚಿಟಿಕೆ ವಿಭೂತಿ. ಯಾರ ಬದುಕಿನ ಪ್ರಶ್ನೆಯೋ ಅವರೇ ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಎತ್ತಿದ್ದು ದೇವರ ಮಾತು. ಎತ್ತದೆ ಉಳಿದ ಚೀಟಿಯನ್ನು ಮಾತ್ರ ಯಾರೂ ಬಿಚ್ಚಬಾರದು — ಬಿಚ್ಚಿದರೆ ದೇವರನ್ನೇ ತಪಾಸಣೆ ಮಾಡಿದ ಹಾಗೆ. ಅದನ್ನು ಹಾಗೇ ಒಯ್ದು ಬಿಲ್ವದ ಕುಂಡದ ಮಣ್ಣಿನಲ್ಲಿ ಹುಗಿಯಬೇಕು. ಮೋಸಗಾರನಿಗೆ ಇದಕ್ಕಿಂತ ಅನುಕೂಲವಾದ ಕಟ್ಟಳೆ ಇರಲಾರದು. ಆದರೆ ಅಷ್ಟು ತಲೆಮಾರುಗಳಲ್ಲಿ ಮೋಸದ ಯೋಚನೆ ಯಾರಿಗೂ ಬಂದಿರಲಿಕ್ಕಿಲ್ಲ. ಅಥವಾ ಬಂದವರು ನನ್ನ ಹಾಗೆಯೇ ಬಾಯಿ ಮುಚ್ಚಿಕೊಂಡು ಸತ್ತರೋ ಏನೋ.

ಚೀಟಿ ಬರೆಯುವವರು ಯಾರು? ಅಕ್ಕ ಬರೆದರೆ ಭಾವನಿಗೆ ಅನುಮಾನ. ಭಾವ ಬರೆದರೆ ಅಕ್ಕನಿಗೆ ಅನುಮಾನ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಆಗ ಅವ್ವನೇ ಅಂದದ್ದು: "ಶಿವೂನ ಕಡಿ ಬರಸ್ರಿ. ಅವಂಗ ದೇವರ ಮ್ಯಾಲ ನಂಬಿಕಿನ ಇಲ್ಲ. ಮೋಸಾ ಮಾಡಿ ಅವಂಗೇನ್ ಸಿಗತೈತಿ?"

ಎಲ್ಲರೂ ಒಪ್ಪಿದರು. ನಂಬದವನು ಎಂಬುದೇ ನನ್ನ ಯೋಗ್ಯತೆಯಾಯಿತು.

ಚೀಟಿ ಹಾಕುವ ಹಿಂದಿನ ಸಂಜೆ ನೀನು ಮಾಳಿಗೆಗೆ ಬಂದೆ. ಒಣಹಾಕಿದ ಶಾಬಾದ್ ಹಪ್ಪಳಗಳನ್ನು ತೆಗೆಯುವ ನೆಪ. ಪಕ್ಕದ ಮನೆಯವರಿಗೂ ಕೇಳದ ಹಾಗೆ ಪಿಸುಗುಟ್ಟಿದೆ: "ಮಾಮಾ, ನೀ ದೇವರನ್ನ ನಂಬಂಗಿಲ್ಲಲ್ಲ?"

"ಇಲ್ಲ."

"ಹಂಗಾದ್ರ ನಿನಗ ಪಾಪ ಹತ್ತಂಗಿಲ್ಲ. ಎರಡರಾಗೂ ಎಚ್‌ಇಸಿ ಅಂತ ಬರಿ."

ನಾನು ನಕ್ಕೆ. "ಮತ್ತ ನಿನಗ?"

"ನಾ ಬರಿಯಂಗಿಲ್ಲಲ್ಲ. ಬರಿಯಾಂವ ನೀ" ಎಂದೆ. ಆಮೇಲೆ, "ನನಗ ಸ್ವಲ್ಪ ಹತ್ತಿದ್ರ ಹತ್ತಲಿ ಬಿಡು" ಎಂದೆ.

ಆಯಿತು ಎಂದು ನಾನು ತಲೆಯಾಡಿಸಿದೆ. ಇದು ನನಗೆ ಚೆನ್ನಾಗಿ ನೆನಪಿದೆ — ಆದರೆ ಶಾಬಾದ್ ಹಪ್ಪಳ ಎಂದು ಈಗ ಬರೆದೆನಲ್ಲ, ಹಾಗೆನ್ನುವ ಹಪ್ಪಳ ಇದೆಯೇ? ಶಾಬಾದ್ ಎಂದರೆ ಮಾಳಿಗೆಗೆ ಹಾಸಿದ್ದ ಕಲ್ಲು. ಕಲ್ಲಿನ ಮೇಲೆ ಹಪ್ಪಳ ಇತ್ತು, ಎರಡೂ ನನ್ನ ತಲೆಯಲ್ಲಿ ಅಂಟಿಕೊಂಡಿವೆ. ಹೊಡೆದು ಹಾಕುವುದಿಲ್ಲ. ನನ್ನ ನೆನಪು ಎಂಥದ್ದು ಎಂಬುದಕ್ಕೆ ಗುರುತಾಗಿ ಇರಲಿ.

ಮಾರನೆಯ ದಿನ ಸೋಮವಾರ. ಚೀಟಿ ಹಾರಬಾರದೆಂದು ಫ್ಯಾನ್ ಆರಿಸಿದ್ದರು. ನಾನು ದೇವರ ಜಗಲಿಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತು ಬರೆದೆ. ನೀವೆಲ್ಲ ನನ್ನ ಬೆನ್ನ ಹಿಂದೆ. ಈಗ ಕಣ್ಣು ಮುಚ್ಚಿದರೆ ಆ ಚೀಟಿಗಳು ಕಾಣುತ್ತವೆ: ಎರಡರಲ್ಲೂ ಎಂಪಿಸಿ, ಹಸಿರು ಶಾಯಿ. ಆದರೆ ನಮ್ಮ ಮನೆಯಲ್ಲಿ ಹಸಿರು ಶಾಯಿಯ ಪೆನ್ನು ಎಂದೂ ಇರಲಿಲ್ಲ. ಹಸಿರಿನಲ್ಲಿ ಸಹಿ ಹಾಕುವ ಅಧಿಕಾರಿ ನಮ್ಮ ವಂಶದಲ್ಲೇ ಇಲ್ಲ. ಇನ್ನೂ ಒಂದು ಮಾತು — ಆ ನೆನಪಿನಲ್ಲಿ ನನ್ನ ಕೈಯನ್ನು ನಾನು ಹಿಂದಿನಿಂದ, ನನ್ನ ಭುಜದ ಮೇಲಿಂದ ನೋಡುತ್ತಿರುತ್ತೇನೆ. ನಾನು ಹಿಂದೆ ನಿಂತಿರಲಿಲ್ಲ. ನಿಂತವರು ನೀವು. ಹಾಗಾದರೆ ಈ ಚಿತ್ರ ಯಾರದ್ದು?

ಒಮ್ಮೊಮ್ಮೆ ಅನಿಸುತ್ತದೆ: ಬಹುಶಃ ಒಂದರಲ್ಲಿ ಅದು, ಒಂದರಲ್ಲಿ ಇದು ಬರೆದಿದ್ದೆ. ನೇರವಾಗಿ. ಉಳಿದದ್ದೆಲ್ಲ ಆಮೇಲೆ ನನ್ನ ಅಪರಾಧಿ ಮನಸ್ಸು ಸೇರಿಸಿದ್ದು. ಹೀಗೆ ಅನಿಸಿದ ದಿನ ಸ್ವಲ್ಪ ಹಗುರ. ಹಗುರವಾದದ್ದರಿಂದಲೇ ಅದರ ಮೇಲೆ ಅನುಮಾನ.

ಆದರೆ ಇಷ್ಟು ನಿಶ್ಚಿತ. ನೀನು ಎತ್ತಿದ ಚೀಟಿಯಲ್ಲಿ ಎಂಪಿಸಿ ಇತ್ತು. ಅದು ನನ್ನ ಅಕ್ಷರ. ಅಂದಮೇಲೆ ಎರಡರಲ್ಲೂ ಎಚ್‌ಇಸಿ ಬರೆದಿರಲು ಸಾಧ್ಯವಿಲ್ಲ. ಎರಡೂ ಎಂಪಿಸಿಯೋ, ಒಂದೊಂದೋ — ಯಾವುದಾದರೂ ಸರಿ, ನಿನಗೆ ಕೊಟ್ಟ ಮಾತು ಮುರಿದಿತ್ತು.

ಚೀಟಿ ಓದಿದ ಮೇಲೆ ಭಾವ ಕೈ ಮುಗಿದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನೀನು ಅಳಲಿಲ್ಲ. ನನ್ನನ್ನು ನೋಡಿದೆ, ಚೀಟಿ ನೋಡಿದೆ, ಮತ್ತೆ ನನ್ನನ್ನು ನೋಡಿದೆ. ಉಳಿದ ಚೀಟಿಯನ್ನು ಕುಂಡಕ್ಕೆ ಒಯ್ಯಲು ಅಕ್ಕ ತಾಟಿಗೆ ಕೈ ಹಾಕಿದರೆ — ಅಕ್ಕಿ ಮಾತ್ರ ಇತ್ತು. ಚೀಟಿ ಇರಲಿಲ್ಲ. ಎಲ್ಲೋ ಬಿದ್ದಿರಬೇಕೆಂದು ಹುಡುಕಿದರು. ಸಿಗಲಿಲ್ಲ.

ನಾನು ಆ ಗಳಿಗೆಯಿಂದ ಭಾವನನ್ನು ಅನುಮಾನಿಸಿದೆ. ಅವರು ಆ ದಿನ ಮಧ್ಯಾಹ್ನ ತಾವಾಗಿಯೇ ನನ್ನ ತಟ್ಟೆಗೆ ಎರಡನೆಯ ಹೋಳಿಗೆ ಬಡಿಸಿದರು. 'ಗೊತ್ತಾಗಿದೆ, ಬಿಚ್ಚಿ ನೋಡಿದ್ದಾರೆ, ಅದಕ್ಕೇ ಈ ಮರ್ಯಾದೆ' ಎಂದುಕೊಂಡೆ. ಮುಂದೆ ಹನ್ನೊಂದು ವರ್ಷ ಅವರು ನಕ್ಕಾಗಲೂ ಸಿಟ್ಟಾದಾಗಲೂ ನನಗೆ ಆ ಚೀಟಿಯೇ ಕಂಡಿತು. ಪಾಪ, ಅವರು ಕೇವಲ ಸಂತೋಷವಾಗಿದ್ದಿರಬೇಕು.

ಸಂಜೆ ನೀನು ಮಾಳಿಗೆಗೆ ಬಂದೆ.

"ಮಾಮಾ, ಬರದಿದ್ದೆಲ್ಲ? ಎರಡರಾಗೂ?"

ನಿಜ ಹೇಳಲು ನನಗೆ ಒಂದು ಉಸಿರಿನಷ್ಟು ಸಮಯ ಇತ್ತು. ಎರಡರಲ್ಲೂ ನಿಮ್ಮಪ್ಪನ ಮಾತನ್ನು ಬರೆದೆ ಎಂದರೆ ನೀನು ಮತ್ತೆ ನನ್ನ ಕೋಣೆಗೆ ಬರುತ್ತಿರಲಿಲ್ಲ. ಧೈರ್ಯವಾಗಲಿಲ್ಲ, ಒಂದೊಂದು ಬರೆದೆ ಎಂದರೆ ನೀನು ಪುಕ್ಕಲ ಎನ್ನುತ್ತಿದ್ದೆ. ನನಗೆ ನಿನ್ನ ಕಣ್ಣಿನಲ್ಲಿ ಎರಡೂ ಆಗುವುದು ಬೇಡವಾಗಿತ್ತು.

"ಹೂಂ" ಎಂದೆ.

"ನನ್ನ ಮ್ಯಾಲ ಆಣಿ ಮಾಡು."

ಕೈಯಿಟ್ಟೆ. ನಿನ್ನ ನೆತ್ತಿಯಲ್ಲಿ ಬೆಳಗಿನ ವಿಭೂತಿಯ ಪುಡಿ ಇನ್ನೂ ಇತ್ತು, ಕೈಗೆ ಹತ್ತಿತು. ನಂಬದವನಿಗೆ ಆಣೆಯ ಭಯವೇನು?

ನೀನು ನನ್ನ ಕೈಗೆ ಹತ್ತಿದ ವಿಭೂತಿಯನ್ನು ನೋಡಿದೆ. ಆಮೇಲೆ, "ಹಂಗಾದ್ರ ಅಕ್ಷರ ಬದಲಾದ್ವು" ಎಂದೆ. ಅಷ್ಟೇ. ಕೆಳಗಿಳಿದು ಹೋದೆ. ಸ್ವಲ್ಪ ಹೊತ್ತಿಗೆ ನಾನು ನೀರಿಗೆಂದು ಇಳಿದಾಗ ನೀನು ಜಗಲಿಯ ಮುಂದೆ ನೆಲಕ್ಕೆ ಹಣೆ ಹಚ್ಚಿಕೊಂಡಿದ್ದೆ. ಯಾರೂ ಹೇಳದೆ. ಮೊದಲ ಸಲ. ನಾನು ನೀರು ಕುಡಿಯದೆ ಮೇಲೆ ಹೋದೆ.

ನೀನು ಜಗಳವಾಡದೆ ಎಂಪಿಸಿ ಸೇರಿದೆ. ಊರಾಚೆಯ ಹಾಸ್ಟೆಲ್ ಕಾಲೇಜು. ಎರಡು ವರ್ಷ ಭಾನುವಾರಕ್ಕೂ ರಜೆಯಿಲ್ಲ. ಶಾಸನದ ನೋಟುಬುಕ್ಕನ್ನು ನನಗೆ ಕೊಟ್ಟು ಹೋದೆ. ರ್‍ಯಾಂಕು ಬಂತು, ಇಂಜಿನಿಯರಿಂಗ್ ಆಯಿತು, ನೌಕರಿ ಆಯಿತು. ಈಗ ನಿನ್ನ ಕೈಕೆಳಗೆ ನಲವತ್ತು ಜನ ಕೆಲಸ ಮಾಡುತ್ತಾರಂತೆ. ಕೊಂಡಾಪುರದ ನಿನ್ನ ಬಾಲ್ಕನಿಯಿಂದ ಅರ್ಧ ಊರು ಕಾಣುತ್ತದೆ. ನೆಂಟರೆಲ್ಲ, 'ಚೀಟಿ ಸುಳ್ಳಾಗಲಿಲ್ಲ' ಎನ್ನುತ್ತಾರೆ. ನಾನೂ ನನಗೆ ಹಾಗೆ ಹೇಳಿಕೊಂಡಿದ್ದೇನೆ, ಎಷ್ಟೋ ಸಲ. ಫಲ ಚೆನ್ನಾಗಿದ್ದರೆ ಬಿತ್ತಿದವನನ್ನು ಯಾರು ಕೇಳುತ್ತಾರೆ?

ಆದರೆ ನೀನು ಆಮೇಲೆ ಎಲ್ಲಕ್ಕೂ ಚೀಟಿ ಹಾಕತೊಡಗಿದೆ. ಯಾವ ಕಾಲೇಜು, ಯಾವ ಕಂಪನಿ, ಎಲ್ಲಿ ಮನೆ. ನಿನ್ನ ಟ್ರೇನಿಂಗ್ ಬ್ಯಾಚಿನ, ನೀನು ಮೆಚ್ಚಿದ್ದ ಆ ಹುಡುಗನ ವಿಷಯ ನೆನಪಿದೆಯೇ? ಬೇಗಂಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆವು. ನೀನು ನಗುತ್ತಲೇ ಹೇಳಿದೆ: "ಚೀಟಿ ಹಾಕಿದ್ದೆ ಮಾಮಾ. ಬ್ಯಾಡ ಅಂತ ಬಂತು."

"ಇನ್ನೊಮ್ಮೆ ಹಾಕು, ಬೇಕು ಅಂತ ಬರೋತನಾ ಹಾಕು" ಎಂದು ನಾನು ಚೇಷ್ಟೆ ಮಾಡಿದೆ.

ನಿನ್ನ ನಗು ನಿಂತಿತು. "ಈರಭದ್ರಗ ಮೋಸಾ ಮಾಡಾಕ ಹೋದ್ರ ಏನಾಗತೈತಿ ಅಂತ ನಿನಗ ಗೊತ್ತಿಲ್ಲೇನು? ನೀನ ಹಿಂಗಂತೀಯಲ್ಲ!"

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಎಂದೇ ನೆನಪು. ರೈಲು ಬಂತು. ರೈಲು ಬಂದದ್ದು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಬೇಡ. ನನ್ನ ನೆನಪಿನಲ್ಲಿ ರೈಲುಗಳು ನನಗೆ ಬೇಕಾದ ಹೊತ್ತಿಗೇ ಬರುತ್ತವೆ.

ಇನ್ನು ಕಳೆದುಹೋದ ಚೀಟಿ. ಹನ್ನೊಂದು ವರ್ಷದ ಮೇಲೆ ಅವ್ವ ಆಸ್ಪತ್ರೆಯಲ್ಲಿದ್ದಳು. ಒಂದು ಮಧ್ಯಾಹ್ನ ನಾನೊಬ್ಬನೇ ಪಕ್ಕದಲ್ಲಿದ್ದೆ. ಮೋಸಂಬಿ ಸುಲಿದು ಒಂದೊಂದೇ ತೊಳೆ ಬಾಯಿಗಿಡುತ್ತಿದ್ದೆ. ಅವ್ವ ಇದ್ದಕ್ಕಿದ್ದಂತೆ ಕೇಳಿದಳು: "ಅವತ್ತ ತಾಟು ಕೊಡೂ ಮುಂದ ನಿನ್ನ ಕೈ ಯಾಕ ಅಷ್ಟ ಬೆವತಿತ್ತೊ, ಶಿವೂ?"

ಯಾವತ್ತು ಎಂದು ನಾನು ಕೇಳಲಿಲ್ಲ.

"ಆ ಚೀಟಿ ನಾನ ತಗದೆ" ಎಂದಳು ಅವ್ವ. "ದೀಪಕ್ಕ ಹಿಡದೆ. ಬಿಚ್ಚಿ ನೋಡ್ಲಿಲ್ಲ. ನೋಡಿದ್ರ ನಿನ್ನ ಮಾರಿ ನೋಡೂದು ಆಗ್ತಿರಲಿಲ್ಲ ನನಗ."

ಇನ್ನೊಂದು ತೊಳೆಗೆ ಬಾಯಿ ತೆರೆದಳು. ನಾನು ಇಟ್ಟೆ.

ಹೀಗೆ ಇದ್ದ ಒಂದೇ ಪುರಾವೆ ಸುಟ್ಟುಹೋಗಿದೆ. ನನ್ನನ್ನು ಉಳಿಸಲೆಂದು ಅವ್ವ ಸುಟ್ಟದ್ದು. ಭಾವನನ್ನು ಸುಮ್ಮನೆ ಅನುಮಾನಿಸಿದ್ದಕ್ಕೆ ಅವರಲ್ಲಿ ತಪ್ಪೊಪ್ಪಿಕೊಳ್ಳುವ ಮೊದಲೇ ಭಾವನೂ ಹೋದರು.

ಈಗ ಯಾಕೆ ಎಂಬುದು. ಯಾಕೆ ಮಾಡಿದೆ?

ಇಷ್ಟು ವರ್ಷ ನನಗೆ ನಾನು ಕೊಟ್ಟುಕೊಂಡ ಉತ್ತರ ಭಾವನ ಒಂದು ಮಾತು. ಕಾಚಿಗುಡ ಸ್ಟೇಷನ್ನಿನ ಎದುರಿನ ಇರಾನಿ ಹೋಟೆಲಿನಲ್ಲಿ ಸಾಸರಿಗೆ ಚಹಾ ಸುರಿದುಕೊಳ್ಳುತ್ತ ಅವರು ಹೇಳಿದ್ದು: "ಪ್ರೊಫೆಸರ್ ಸಾಬ್, ತಪ್ಪ ತಿಳ್ಕೋಬ್ಯಾಡ್ರಿ. ನನ್ನ ಮಗಳು ನಿಮ್ಮಂಗ ಆಗಬಾರದು, ನಂದು ಇಷ್ಟ ಆಸೆ." ಆ ಮಾತು ನನ್ನನ್ನು ಮುರಿಯಿತು, ನಿನ್ನನ್ನು ನನ್ನಂಥ ಬದುಕಿನಿಂದ ಪಾರು ಮಾಡಲೆಂದೇ ಚೀಟಿಯಲ್ಲಿ ಹಾಗೆ ಬರೆದೆ — ಎಂದು. ಕೇಳಲು ಚೆನ್ನಾಗಿದೆ. ತ್ಯಾಗದ ವಾಸನೆಯೂ ಇದೆ. ಆದರೆ ಕಳೆದ ವಾರ ಕೂತು ಲೆಕ್ಕ ಹಾಕಿದೆ. ಆ ಹೋಟೆಲಿನಲ್ಲಿ ನಾವು ಕೂತಾಗ ಭಾವನ ಕೈಯಲ್ಲಿ ನಿನ್ನ ಹಾಸ್ಟೆಲಿನ ಸಾಮಾನಿಗೆ ಕೊಂಡ ಹೊಸ ಬೀಗ ಇತ್ತು. ಮೇಜಿನ ಮೇಲಿಟ್ಟು ಕೀಲಿ ತಿರುಗಿಸಿ ನೋಡುತ್ತಿದ್ದರು. ಅಂದರೆ ಹಾಸ್ಟೆಲ್ ಆಗಲೇ ನಿಶ್ಚಯವಾಗಿತ್ತು. ಅಂದರೆ ಚೀಟಿ ಮುಗಿದುಹೋಗಿತ್ತು. ಮುಗಿದ ಕೆಲಸಕ್ಕೆ ಆಮೇಲೆ ಸಿಕ್ಕ ಮಾತನ್ನು ಕಾರಣವಾಗಿ ಅಂಟಿಸಿಕೊಂಡು ಇಪ್ಪತ್ತೈದು ವರ್ಷ ಬದುಕಿದ್ದೇನೆ.

ಚೀಟಿಗಿಂತ ಮೊದಲು ಆದದ್ದು ಎಂದು ನಿಶ್ಚಯವಾಗಿ ಹೇಳಬಹುದಾದದ್ದು ಒಂದೇ. ಅದಕ್ಕೆ ದಾಖಲೆಯಿದೆ.

ನನ್ನ ಪಿಎಚ್‌ಡಿ ನಿಂತಿದ್ದು ಒಡೆದ ಒಂದು ಶಾಸನದ ಮೇಲೆ. ಎರಡು ತುಂಡು ಕಲ್ಲು. ಮೇಲಿನ ತುಂಡು, ಕೆಳಗಿನ ತುಂಡು ಎಂದು ಜೋಡಿಸಿ, ದಾನ ಕೊಟ್ಟವರು ಯಾರು, ಪಡೆದವರು ಯಾರು ಎಂದು ನಾನು ಮೂರು ವರ್ಷ ವಾದ ಕಟ್ಟಿದ್ದೆ. ಒಂದು ಮಧ್ಯಾಹ್ನ ನೀನು ನೆಲದ ಮೇಲೆ ಬೋರಲು ಮಲಗಿ ಪಡಿಯಚ್ಚುಗಳನ್ನು ನೋಡುತ್ತಿದ್ದವಳು, "ಮಾಮಾ, ಈ ತುಂಡು ಮ್ಯಾಲಿಂದಲ್ಲ. ಕೆಳಗಿಂದು. ಅಂಚು ನೋಡು, ಹಿಂಗ ಕೂಡತೈತಿ" ಎಂದೆ. ಎರಡು ಹಾಳೆಗಳನ್ನು ಅದಲುಬದಲು ಮಾಡಿದೆ. ಕೂಡಿತು. ದಾನ ಕೊಟ್ಟವರು ಪಡೆದವರಾದರು. ನೀನು ನನ್ನ ಟಿಪ್ಪಣಿಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಬಾಣ ಎಳೆದೆ, ಮೇಲಿನಿಂದ ಕೆಳಕ್ಕೆ. ನಾನು ನಕ್ಕೆ, "ಭಲೆ!" ಎಂದೆ. ಆ ಪುಟದ ಮೂಲೆಯಲ್ಲಿ ನಾನೇ ತಾರೀಖು ಹಾಕಿದ್ದೇನೆ. ಚೀಟಿಯ ಸೋಮವಾರಕ್ಕೆ ಸರಿಯಾಗಿ ಮೂರು ವಾರ ಮೊದಲು.

ಆ ಪ್ರಬಂಧವನ್ನು ನಾನು ಒಪ್ಪಿಸಲೇ ಇಲ್ಲ. ತಿದ್ದಿ ಬರೆಯಬಹುದಿತ್ತು, ನಿನ್ನ ಹೆಸರಿಗೆ ಒಂದು ಸಾಲು ಕೃತಜ್ಞತೆ ಸಾಕಿತ್ತು. ಅದನ್ನೂ ಮಾಡಲಿಲ್ಲ.

ಅಂದರೆ — ಹೊಟ್ಟೆಕಿಚ್ಚು. ಹದಿನೈದು ವರ್ಷದ, ನನ್ನ ಕೈಯಲ್ಲೇ ಅಕ್ಷರ ಕಲಿತ ಹುಡುಗಿಯ ಮೇಲೆ. ನೀನು ಎಚ್‌ಇಸಿ ಓದಿದರೆ, ಮುಂದೆ ಎಂ.ಎ. ಮಾಡಿದರೆ, ಹತ್ತು ವರ್ಷದಲ್ಲಿ ಜನ ನನ್ನನ್ನು 'ವಿನುತಾ ಅವರ ಸೋದರಮಾವ' ಎಂದು ಗುರುತಿಸುತ್ತಿದ್ದರು. ಆ ಗೋಡೆಯ ಕಡೆ ಮುಖ ಮಾಡಿ ಕೂತಾಗ ಇದನ್ನು ಹೀಗೆ ಬಿಡಿಸಿ ಯೋಚಿಸಿದೆನೇ? ಗೊತ್ತಿಲ್ಲ. ಯೋಚಿಸಲಿಲ್ಲ ಎಂದು ಹೇಳಲು ಆಸೆಯಾಗುತ್ತಿದೆ. ಆ ಆಸೆಯನ್ನೂ ನಂಬುವುದಿಲ್ಲ.

ಇಷ್ಟನ್ನೂ ನುಂಗಿಕೊಂಡೇ ಸಾಯುತ್ತಿದ್ದೆನೇನೋ. ಆದರೆ ಹದಿನೈದು ದಿನದ ಹಿಂದೆ ನೀನು ಫೋನ್ ಮಾಡಿದೆ. ನಿನ್ನ ಮಗಳು ಅನಘಾಳ ಹತ್ತನೆಯದು ಮುಗಿದಿದೆ, ಎಂಪಿಸಿಯೋ, ಗಣಿತದ ಬದಲು ಜೀವಶಾಸ್ತ್ರವಿರುವ ಬೈಪಿಸಿಯೋ ತೀರ್ಮಾನವಾಗಬೇಕು. "ಅಮಾಸಿ ಆದ ಮ್ಯಾಲಿನ ಸೋಮವಾರ ಚೀಟಿ ಹಾಕಸ್ತೀನಿ ಮಾಮಾ. ನೀನ ಬಂದು ಬರೀಬೇಕು. ನಿನ್ನ ಕೈಲೆ ಬರಸಿದಾಗನ ಈರಭದ್ರ ನುಡದಾನ" ಎಂದೆ. ಆಗಲಿ ಎಂದೆ ನಾನು. ಇಷ್ಟು ವರ್ಷದ ಮೇಲೂ ನನ್ನ ಬಾಯಿಂದ ಮೊದಲು ಬರುವುದು 'ಹೂಂ'.

ಕಳೆದ ಭಾನುವಾರ ನಿನ್ನ ಮನೆಗೆ ಬಂದಾಗ ಅನಘಾ ನನ್ನನ್ನು ಕೆಳಗೆ ಪಾರ್ಕಿಗೆ ಎಳೆದುಕೊಂಡು ಹೋದಳಲ್ಲ, ಬೆಕ್ಕಿನ ಮರಿ ತೋರಿಸುತ್ತೇನೆಂದು. ಬೆಕ್ಕೂ ಇತ್ತು. ಕಾಲು ಮುರಿದ ಮರಿ. ಐಸ್‌ಕ್ರೀಮಿನ ಕಡ್ಡಿ ಕಟ್ಟಿ ಸರಿಮಾಡಿದ್ದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು:

"ತಾತಾ, ನನಗ ಬೈಪಿಸಿ ಬೇಕು. ಅಮ್ಮ ಬ್ಯಾಡ ಅಂದ್ರ ಜಗಳಾ ಮಾಡ್ತಿದ್ದೆ. ಅಮ್ಮ ಬ್ಯಾಡ ಅಂತಾನೂ ಅನ್ನಲ್ಲ. ಚೀಟಿ ಜೋಡಿ ಹೆಂಗ ಜಗಳಾ ಮಾಡೋದು?"

ನಾನು ಏನೋ ಸಮಾಧಾನ ಹೇಳಹೋದೆ. ಅವಳು ನನ್ನ ಮುಖವನ್ನೇ ನೋಡಿದಳು. ನಿನ್ನದೇ ನೋಟ.

"ಅಮ್ಮ ಸಣ್ಣಾಕಿ ಇದ್ದಾಗ ನಿನ್ನ ಕಡಿಂದ ಚೀಟಿಂಗ್ ಮಾಡ್ಸಿದ್ಲಂತ? ದೇವರು ಹಿಡದುಬಿಟ್ನಂತ? ಎರಡೂ ಚೀಟಿ ಬದಲಾದ್ವಂತ? ಅದಕ್ಕ ಸೋಮವಾರ ಉಪಾಸ ಮಾಡ್ತಾಳಂತ, ಮಾಫಿ ಸಿಗೋತನಾ. ಸಚ್ಚೀನಾ ತಾತಾ?"

ನನಗೆ ಗೊತ್ತಿರಲಿಲ್ಲ ವಿನು. ನಿನ್ನ ಸೋಮವಾರದ ಉಪವಾಸ ಎಲ್ಲರ ಮನೆಯ ಸೋಮವಾರದಂತೆ ಎಂದುಕೊಂಡಿದ್ದೆ. ನಿನ್ನದು ಭಕ್ತಿ ಎಂದುಕೊಂಡು, ಓದಿದವಳಿಗೆ ಇದೇನು ಎಂದು ಒಳಗೊಳಗೆ ನಕ್ಕಿದ್ದೂ ಉಂಟು. ನೀನು ತಪ್ಪು ಮಾಡಿದೆ, ಸಿಕ್ಕಿಬಿದ್ದೆ ಎಂದುಕೊಂಡು ಹದಿನೈದರಿಂದ ಇಲ್ಲಿಯ ತನಕ ಕ್ಷಮೆ ಕೇಳುತ್ತ ಬಂದಿದ್ದೀಯ ಎಂದು — ಇಲ್ಲ, ಗೊತ್ತಿರಲಿಲ್ಲ. ಆದರೆ ಜಗಲಿಯ ಮುಂದೆ ನಿನ್ನ ಹಣೆ ನೆಲಕ್ಕಿದ್ದುದನ್ನು ಆ ಸಂಜೆಯೇ ನೋಡಿದ್ದೆನಲ್ಲ. ಗೊತ್ತಿರಲಿಲ್ಲ ಎನ್ನಲು ನನಗೆ ಅಧಿಕಾರವಿಲ್ಲ.

ಅನಘಾಳಿಗೆ ನಾನು ಏನು ಹೇಳಿದೆ ಗೊತ್ತೇ? "ನಿಮ್ಮಮ್ಮನ್ನ ಕೇಳು." ಅವಳು ಬೆಕ್ಕಿನ ಮರಿಯ ಕಿವಿ ಸವರುತ್ತ, "ಅಮ್ಮ ನಿನ್ನ ಕೇಳು ಅಂತಾಳ" ಎಂದಳು.

ಅದಕ್ಕೇ ಈ ಹಾಳೆಗಳು.

ವಿನು, ನಿನ್ನನ್ನು ಯಾರೂ ಹಿಡಿಯಲಿಲ್ಲ. ಅಕ್ಷರ ಬದಲಾಗಲಿಲ್ಲ. ಅಲ್ಲಿ ನಡೆದದ್ದು ಒಬ್ಬ ಮನುಷ್ಯ ಕೊಟ್ಟ ಮಾತಿಗೆ ತಪ್ಪಿದ್ದು, ಆಮೇಲೆ ಅದನ್ನು ದೇವರ ಮೇಲೆ ಹಾಕಿದ್ದು, ಅಷ್ಟೇ. ನೀನು ಕೇಳಬೇಕಾದ ಮಾಫಿ ಯಾವುದೂ ಇಲ್ಲ. ನಾನು ಕೇಳಬೇಕಾದದ್ದು ಇದೆ, ಆದರೆ ಕೇಳುವುದಿಲ್ಲ. ಕೇಳಿದರೆ ಕೊಡಬೇಕೋ ಬೇಡವೋ ಎಂಬ ಇನ್ನೊಂದು ಭಾರವನ್ನು ನಿನ್ನ ಮೇಲೆ ಹೊರಿಸಿದಂತೆ. ಆ ಹುಡುಗನ ವಿಷಯ, ಆ ಎರಡು ವರ್ಷ, ನನ್ನ ಬಳಿಯೇ ಉಳಿದ ನಿನ್ನ ನೋಟುಬುಕ್ಕು — ಯಾವುದನ್ನೂ ನಾನು ತಿರುಗಿ ಕೊಡಲಾರೆ. ನೋಟುಬುಕ್ಕು ಮಾತ್ರ ತರುತ್ತೇನೆ. ಬಾಣ ಎಳೆದ ನನ್ನ ಪುಟವನ್ನೂ ಹರಿದು ಅದರಲ್ಲಿಟ್ಟಿದ್ದೇನೆ.

ಚೀಟಿ ಬರುವ ಸೋಮವಾರ. ನಾನು ಭಾನುವಾರ ಬೆಳಿಗ್ಗೆಯೇ ಬರುತ್ತೇನೆ. ಇದನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಕಳಿಸಿದರೆ ನೀನು ಓದುವಾಗ ನಾನು ಬೇರೆಲ್ಲೋ ಇರುತ್ತೇನೆ. ಮಡಚಿಯೂ ತರುವುದಿಲ್ಲ. ಬಿಚ್ಚಿದ ಹಾಳೆಗಳನ್ನೇ ನಿನ್ನ ಕೈಗೆ ಕೊಟ್ಟು ಎದುರಿಗೆ ಕೂತಿರುತ್ತೇನೆ. ಸೋಮವಾರ ನೀನು ಚೀಟಿ ಹಾಕಿಸಿದರೂ ಬಿಟ್ಟರೂ ನಾನು ಬರೆಯುವುದಿಲ್ಲ.

ಓದಿ ಮುಗಿದ ಮೇಲೆ ಅನಘಾಳನ್ನೂ ಕರೆ. ಅಂದು ಮಾಳಿಗೆಯ ಮೇಲೆ ಕೇಳಿದ್ದನ್ನೇ ಅವಳ ಎದುರಿಗೆ ಇನ್ನೊಮ್ಮೆ ಕೇಳು — "ಮಾಮಾ, ಬರದಿದ್ದೆಲ್ಲ? ಎರಡರಾಗೂ?"

ಇಲ್ಲ ಎನ್ನುತ್ತೇನೆ.